ಕೋಡಿ ಬಿದ್ದ ವರ್ಷ

ನನಗೊಬ್ಬರು ಮಿತ್ರರಿದ್ದರು. ‘ಇದ್ದರು’ ಎಂಬ ಕ್ರಿಯಾಪದವನ್ನು ಭೂತಕಾಲಕ್ಕೆ ಉದಾಹರಣೆಯಾಗಿ ನಾನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಅದು ಎಂಥ ಶಬ್ದವೆಂಬುದು ನನಗೆ ಗೊತ್ತಾದದ್ದು 2022ರ ಸೆಪ್ಟೆಂಬರ್ ತಿಂಗಳಿನಲ್ಲಿ. ಆ ಮಿತ್ರರ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ಸಹ ವೇದಿಕೆಯ ಮೇಲೆ ಕೂರಲೊಪ್ಪದೆ, ಚಪ್ಪರದ ಕಂಬದ ಹಿಂದೆ ನಿಂತು ಬಂದ ಮಕ್ಕಳನ್ನು ಎಣಿಸುತ್ತಿದ್ದ ಮನುಷ್ಯ ಅವರು. ಆಕಾಶವಾಣಿಯಲ್ಲಿ ಹೆಸರು ಕೂಗಿಸಿದೆನೆಂದು ಎಲ್ಲಿದ್ದರೂ ಮುನಿಸಿಕೊಂಡಾರು. ಶಾಲೆಯಲ್ಲಿ ನಾನು ಅವರನ್ನು ‘ಮೇಷ್ಟ್ರೇ’ ಎನ್ನುತ್ತಿದ್ದೆ, ಅವರು ನನ್ನನ್ನು ‘ಪಂಡಿತರೇ’ ಎನ್ನುತ್ತಿದ್ದರು. ಅಷ್ಟು ಸಾಕು.

ನಾನು ಹಿರಿಯೂರು ತಾಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಗೆ ಕನ್ನಡ ಉಪಾಧ್ಯಾಯನಾಗಿ ಹೋದದ್ದು 1999ರಲ್ಲಿ. ಪಂಡಿತ ತರಬೇತಿಯ ಬಿಸಿ ಇನ್ನೂ ಆರಿರಲಿಲ್ಲ. ಕೇಶಿರಾಜನ ಸೂತ್ರಗಳು ನಾಲಗೆಯ ತುದಿಯಲ್ಲಿದ್ದವು. ಅವುಗಳನ್ನು ಕೇಳುವವರು ಮಾತ್ರ ಆ ಊರಿನಲ್ಲಿ ಯಾರೂ ಇರಲಿಲ್ಲ. ಮೊದಲ ದಿನವೇ ವೇಳಾಪಟ್ಟಿ ನೋಡಿದೆ. ಬೆಳಗಿನ ಮೊದಲ ಅವಧಿ ವಾರವೆಲ್ಲ ಗಣಿತಕ್ಕೆ. ಕನ್ನಡಕ್ಕೆ ಊಟವಾದ ಮೇಲಿನ ಅವಧಿ. ಮುದ್ದೆಯುಂಡು ಬಂದ ಮಕ್ಕಳಿಗೆ ಹರಿಹರನೂ ಒಂದೇ, ಜೋಗುಳವೂ ಒಂದೇ. ನಾನು ನೇರವಾಗಿ ಗಣಿತದವರ ಬಳಿ ಹೋಗಿ, ಇದು ಯಾವ ನ್ಯಾಯವೆಂದು ಕೇಳಿದೆ. ನನಗಿಂತ ಐದು ವರ್ಷ ಹಿರಿಯರು. ಕೈಯಲ್ಲಿ ಸೀಮೆಸುಣ್ಣದ ತುಂಡುಗಳನ್ನು ಹಿಡಿದು, ಅವುಗಳಲ್ಲಿ ಬರೆಯಲು ಬರುವಂಥವನ್ನು ಬೇರ್ಪಡಿಸುತ್ತ ಕುಳಿತಿದ್ದರು. ತಲೆಯೆತ್ತದೆ ಹೇಳಿದರು: “ಹತ್ತನೇ ಕ್ಲಾಸಿನಲ್ಲಿ ನಿಮ್ಮದು 125 ಅಂಕ, ನಮ್ಮದು 100. ಲೆಕ್ಕದ ಪ್ರಕಾರ ನಿಮಗೇ ಹೆಚ್ಚು ಸಲ್ಲಬೇಕು. ಸೋಮವಾರ, ಗುರುವಾರ ನೀವೇ ತಗೊಳ್ಳಿ.” ವಾದಕ್ಕೆಂದು ಸೊಂಟ ಕಟ್ಟಿ ಹೋದವನಿಗೆ ಎದುರಾಳಿಯೇ ಇಲ್ಲದಂತಾಯಿತು. ನಮ್ಮ ಸ್ನೇಹ ಹಾಗೆ ಶುರುವಾಯಿತು. ಹದಿಮೂರು ವರ್ಷ ಒಂದೇ ಕೊಠಡಿಯಲ್ಲಿ, ಎದುರುಬದುರಿನ ಮೇಜಿನಲ್ಲಿ ಬೆಳೆಯಿತು.

ಅವರನ್ನು ದೇವರಂತಹವರೆಂದು ಹೇಳಿಬಿಡುವುದು ಸುಲಭ. ಸತ್ತವರೆಲ್ಲರೂ ನಮ್ಮಲ್ಲಿ ದೇವರಾಗುತ್ತಾರೆ. ಅವರು ಹಾಗಿರಲಿಲ್ಲ. ನಾಲಗೆ ಬಹಳ ಹರಿತ. ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ಕುರಿಹಟ್ಟಿಯಿಂದ ಬರುತ್ತಿದ್ದ ಹುಡುಗನೊಬ್ಬ ಮೂರನೆಯ ಸಲವೂ ಲೆಕ್ಕ ತಪ್ಪಿದಾಗ, “ಕುರಿ ಕಾಯೋದಕ್ಕೂ ಎಣಿಸೋದು ಬರಬೇಕಪ್ಪಾ, ನಿನಗೆ ಅದೂ ಆಗಲ್ಲ” ಎಂದುಬಿಟ್ಟರು. ತರಗತಿ ನಕ್ಕಿತು. ಮರುದಿನದಿಂದ ಹುಡುಗ ಶಾಲೆಗೆ ಬರಲಿಲ್ಲ. ನಾಲ್ಕು ದಿನ ಮೇಷ್ಟರು ಯಾರೊಡನೆಯೂ ಸರಿಯಾಗಿ ಮಾತನಾಡಲಿಲ್ಲ. ಐದನೆಯ ದಿನ ಸಂಜೆ ಸೈಕಲ್ಲು ಹತ್ತಿ ಹಟ್ಟಿಗೆ ಹೋದರು; ಮರುಸಂಜೆಯೂ ಹೋದರು; ಮೂರನೆಯ ಸಂಜೆಯೂ ಹೋದರು. ಹುಡುಗ ಬಂದ. ನಾನು ಏನಾಯಿತೆಂದು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟು: “ಅವನ ಅಪ್ಪನಿಗೆ ನೂರರ ಮೇಲೆ ಕುರಿ. ಸಾಯಂಕಾಲ ರೊಪ್ಪದ ಬಾಗಿಲಲ್ಲಿ ನಿಂತು ಒಂದು ಸಲ ನೋಡಿ, ‘ಆ ಮೋಟುಕಿವಿಯದು ಬಂದಿಲ್ಲ’ ಅಂದ. ಎಣಿಸಲೇ ಇಲ್ಲ. ಕುರಿ ಕಾಯೋದಕ್ಕೆ ಲೆಕ್ಕ ಬೇಡ ಪಂಡಿತರೇ, ಮುಖಪರಿಚಯ ಬೇಕು.” ಅಂದಿನಿಂದ ಹಾಜರಿಯನ್ನು ಅವರು ಕ್ರಮಸಂಖ್ಯೆಯಿಂದ ಕೂಗಲಿಲ್ಲ, ಹೆಸರಿನಿಂದಲೇ ಕೂಗಿದರು. ಆ ಹುಡುಗ ಗಣಿತದಲ್ಲಿ ಮೂವತ್ತೆಂಟು ಅಂಕ ತೆಗೆದು ಪಾಸಾದ. ನೂರಕ್ಕೆ ನೂರು ತೆಗೆದವರ ವಿಷಯವನ್ನು ಮೇಷ್ಟರು ಎಂದೂ ಎತ್ತಿದವರಲ್ಲ. ಆ ಮೂವತ್ತೆಂಟನ್ನು ಮಾತ್ರ ವರ್ಷಕ್ಕೊಮ್ಮೆಯಾದರೂ ಜ್ಞಾಪಿಸಿಕೊಳ್ಳುತ್ತಿದ್ದರು.

ಗಣಿತದವರಿಗೆ ಹಳಗನ್ನಡದಲ್ಲಿ ಏನು ಕೆಲಸವೆಂದು ನೀವು ಕೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ. ಒಂದು ದಿನ ನಾನು ಕಂದಪದ್ಯದ ಲಕ್ಷಣವನ್ನು ಪಾಠ ಮಾಡುತ್ತಿದ್ದಾಗ ಅವರು ಪಕ್ಕದ ಕೊಠಡಿಯಲ್ಲಿ ಪರೀಕ್ಷೆ ಕೊಟ್ಟು, ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಾಲ್ಕು ಮಾತ್ರೆಯ ಗಣಗಳು. ಮೊದಲ ಪಾದಕ್ಕೆ ಮೂರು ಗಣ, ಎರಡನೆಯದಕ್ಕೆ ಐದು, ಮತ್ತೆ ಮೂರು, ಮತ್ತೆ ಐದು. ಒಟ್ಟು ಅರವತ್ತನಾಲ್ಕು ಮಾತ್ರೆ. ಗಂಟೆ ಹೊಡೆದ ಮೇಲೆ ನನ್ನನ್ನು ಹಿಡಿದುಕೊಂಡರು. “ನಾಲ್ಕು ಮಾತ್ರೆಯ ಗಣ ಎಷ್ಟು ಬಗೆ?” ಐದು ಎಂದೆ. “ಐದೇ ಯಾಕೆ?” ನಾನು ಎರಡು ಗುರು, ಎರಡು ಲಘು ಒಂದು ಗುರು ಎಂದು ಬೆರಳು ಮಡಿಸತೊಡಗಿದೆ. ಅವರು ತಲೆಯಾಡಿಸಿ ಸೀಮೆಸುಣ್ಣ ತೆಗೆದುಕೊಂಡರು. ಒಂದು ಮಾತ್ರೆಯನ್ನು ತುಂಬಲು ಒಂದೇ ದಾರಿ, ಎರಡಕ್ಕೆ ಎರಡು, ಮೂರಕ್ಕೆ ಮೂರು, ನಾಲ್ಕಕ್ಕೆ ಐದು, ಐದಕ್ಕೆ ಎಂಟು. ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಇಟಲಿಯ ಫಿಬೊನಾಚಿ 1202ರಲ್ಲಿ ಬರೆದ ಗ್ರಂಥದಿಂದ ಜಗತ್ಪ್ರಸಿದ್ಧವಾದ ಈ ಸಂಖ್ಯೆಗಳನ್ನು ಅದಕ್ಕೂ ಮೊದಲೇ ನಮ್ಮ ವಿರಹಾಂಕ, ಹೇಮಚಂದ್ರರು ಛಂದಸ್ಸನ್ನು ಎಣಿಸುತ್ತ ಕಂಡುಕೊಂಡಿದ್ದರು. ಇದನ್ನು ನನಗೆ ಹೇಳಿಕೊಟ್ಟವರು ಗಣಿತದ ಮೇಷ್ಟರು. ನಾಗವರ್ಮನ ಛಂದೋಂಬುಧಿಯನ್ನು ಓದಿ ಪರೀಕ್ಷೆ ಪಾಸು ಮಾಡಿದವನು ನಾನು. ನನಗೆ ನಾಚಿಕೆಯಾಯಿತು, ಸ್ವಲ್ಪ ಸಿಟ್ಟೂ ಬಂತು.

ಮರುದಿನ ಒಂದು ಹಳೆಯ ಉತ್ತರಪತ್ರಿಕೆಯ ಬೆನ್ನಿನ ಮೇಲೆ ಲೆಕ್ಕ ಮಾಡಿ ತಂದರು. ಕಂದದ ಅರ್ಧದಲ್ಲಿ ಎಂಟು ಗಣ. ಒಂದು, ಮೂರು, ಐದು, ಏಳನೆಯ ಸ್ಥಾನಗಳಲ್ಲಿ ನಡುವೆ ಗುರುವಿರುವ ಜಗಣ ಬರಕೂಡದು. ಆದ್ದರಿಂದ ಅಲ್ಲಿ ನಾಲ್ಕೇ ಬಗೆ. ಎರಡು, ನಾಲ್ಕರಲ್ಲಿ ಐದೂ ಬಗೆ. ಆರನೆಯದು ಜಗಣ ಇಲ್ಲವೆ ನಾಲ್ಕೂ ಲಘು, ಎರಡೇ ಬಗೆ. ಎಂಟನೆಯದು ಗುರುವಿನಲ್ಲಿ ಮುಗಿಯಬೇಕು, ಅದೂ ಎರಡೇ. ಗುಣಿಸಿದರೆ ಅರ್ಧಪದ್ಯಕ್ಕೆ 25,600 ನಡೆಗಳು. ಇಡೀ ಪದ್ಯಕ್ಕೆ ಅದರ ವರ್ಗ: ಅರವತ್ತೈದು ಕೋಟಿ ಐವತ್ತಮೂರು ಲಕ್ಷದ ಅರವತ್ತು ಸಾವಿರ. “ನೋಡಿ ಪಂಡಿತರೇ, ಇಷ್ಟು ಕಟ್ಟು ಹಾಕಿದ ಮೇಲೂ ಕವಿಗೆ ಇಷ್ಟು ದಾರಿ!” ನಾನು ಕಾವ್ಯವೆಂದರೆ ಇದಲ್ಲ, ಎಣಿಕೆಗೆ ಸಿಕ್ಕುವುದು ಕಾವ್ಯವಲ್ಲ ಎಂದು ಒಂದು ಭಾಷಣ ಮಾಡಿದೆ. ಅವರು ಪೂರ್ತಿ ಕೇಳಿ, ಸಾವಧಾನವಾಗಿ ಅಂದರು: “ಅದೇ ನಾನು ಕೇಳ್ತಿರೋದು. ಇಷ್ಟು ದಾರಿ ಇದ್ದಾಗ ರನ್ನ ಈ ಒಂದು ದಾರೀಲೇ ಯಾಕೆ ಹೋದ?”

ಈ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಆಗ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ರನ್ನನ ಗದಾಯುದ್ಧದ ಹತ್ತು ಆಶ್ವಾಸಗಳಲ್ಲಿರುವ ಕಂದಗಳಿಗೆಲ್ಲ ನಾನು ಲಘು ಗುರು ಹಾಕಿ ಕೊಡುವುದು. ಅವರು ಯಾವ ಸ್ಥಾನದಲ್ಲಿ ಯಾವ ಗಣ ಎಷ್ಟು ಸಲ ಬಂದಿದೆಯೆಂದು ಪಟ್ಟಿ ಮಾಡುವುದು. ದುರ್ಯೋಧನ ಕರ್ಣನ ಹೆಣದ ಮುಂದೆ ನಿಂತು ಅಳುವಾಗ ಕಂದ ಹೇಗೆ ನಡೆಯುತ್ತದೆ, ಭೀಮ ಗುಡುಗುವಾಗ ಹೇಗೆ ನಡೆಯುತ್ತದೆ, ವ್ಯತ್ಯಾಸವಿದೆಯೇ ಎಂಬುದು ಅವರ ಕುತೂಹಲ. ಶನಿವಾರದ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಇಬ್ಬರೂ ಕೂರುತ್ತಿದ್ದೆವು. ಯಾವ ಪದವಿಗೂ ಅಲ್ಲ, ಯಾವ ಬಹುಮಾನಕ್ಕೂ ಅಲ್ಲ. ಈಗ ಉಪಾಧ್ಯಾಯರ ಅರ್ಧ ಆಯುಷ್ಯ ಗಣಕಯಂತ್ರಕ್ಕೆ ಅಂಕಿ ಅಂಶ ತುಂಬುವುದರಲ್ಲಿ ಕಳೆಯುತ್ತದೆ; ನಾವೂ ತುಂಬಿದ್ದು ಅಂಕಿ ಅಂಶವನ್ನೇ. ಆದರೆ ಹಾಗೆಂದು ನಮಗೆ ತಿಳಿದಿರಲಿಲ್ಲ.

ಅವರು ಎಣಿಸುತ್ತಿದ್ದ ಇನ್ನೊಂದು ವಸ್ತು ನೀರು. ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಕಟ್ಟಿರುವ ವಾಣಿವಿಲಾಸ ಸಾಗರವನ್ನು ಕೇಳುಗರಲ್ಲಿ ಹಲವರು ನೋಡಿರಬಹುದು. 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿದ ಅಣೆಕಟ್ಟು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರ ಹೆಸರು ಅದಕ್ಕೆ. ಪೂರ್ಣ ಮಟ್ಟ 130 ಅಡಿ. ಅದು ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ ಬಿದ್ದಿರಲಿಲ್ಲ. ಮೇಷ್ಟರ ಅಜ್ಜ ಆ ವರ್ಷ ಗಾಡಿ ಕಟ್ಟಿಕೊಂಡು ಹೋಗಿ, ಕಣಿವೆ ಮಾರಮ್ಮನಿಗೆ ಹಣ್ಣುಕಾಯಿ ಮಾಡಿಸಿ, ಕೋಡಿಯ ನೀರು ನೋಡಿ ಬಂದಿದ್ದರಂತೆ. ಅವರ ತಂದೆ ಹುಟ್ಟಿದ್ದು ಅದಾದ ಮೇಲೆ. ನೋಡಬೇಕು ನೋಡಬೇಕು ಎನ್ನುತ್ತಲೇ ಹೋಗಿಬಿಟ್ಟರು. ಮೇಷ್ಟರು ಪ್ರತಿ ತಿಂಗಳೂ ಪತ್ರಿಕೆಯಲ್ಲಿ ಬರುವ ಜಲಾಶಯದ ಮಟ್ಟವನ್ನು ಒಂದು ಉದ್ದನೆಯ ನೋಟ್‌ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅವರ ಕುಟುಂಬದ ತೆಂಗಿನ ತೋಟ ಅಚ್ಚುಕಟ್ಟಿನಲ್ಲಿತ್ತು. ಆದ್ದರಿಂದ ಅದು ಬರಿಯ ಹವ್ಯಾಸವಲ್ಲ, ಮನೆಯ ಅನ್ನದ ಲೆಕ್ಕ. 2017ರ ಸುಮಾರಿಗೆ ಸಾಗರ ತಳ ಕಾಣುವಂತಾಯಿತು. ಹಿರಿಯೂರು ಸೀಮೆಯ ತೆಂಗಿನ ಮರಗಳು ಸುಳಿ ಒಣಗಿ ನಿಂತವು. ಅವರು ಟ್ಯಾಂಕರಿನಲ್ಲಿ ನೀರು ತರಿಸಿ ಉಳಿಸಲು ನೋಡಿದರು. ತಂದೆ ನೆಟ್ಟ ಮರಗಳಲ್ಲಿ ಬಹುಪಾಲು ಹೋದವು. ಫೋನಿನಲ್ಲಿ ನನಗೆ, “ಎಷ್ಟು ಹೋದವು ಅಂತ ಎಣಿಸಿಲ್ಲ ಪಂಡಿತರೇ” ಎಂದರು. ಅವರು ಎಣಿಸದೆ ಬಿಟ್ಟದ್ದೆಂದರೆ ನನಗೆ ಗೊತ್ತಿರುವಂತೆ ಅದೊಂದೇ.

ಅಷ್ಟರಲ್ಲಿ ನಾನು ಆ ಶಾಲೆಯಲ್ಲಿರಲಿಲ್ಲ. 2012ರಲ್ಲಿ ನನಗೆ ಬೇರೆ ಜಿಲ್ಲೆಗೆ ವರ್ಗವಾಗಿತ್ತು. ಗದಾಯುದ್ಧದಲ್ಲಿ ನಾಲ್ಕು ಆಶ್ವಾಸ ಮುಗಿದಿದ್ದವು. ಉಳಿದ ಆರನ್ನು ನಾನು ಲಘು ಗುರು ಹಾಕಿ ಅಂಚೆಯಲ್ಲಿ ಕಳಿಸುವುದೆಂದು ಮಾತಾಗಿತ್ತು. ಐದನೆಯದರಲ್ಲಿ ಕೆಲವು ಪದ್ಯಗಳನ್ನು ಕಳಿಸಿದೆ. ಆಮೇಲೆ ಮಕ್ಕಳ ವಿದ್ಯಾಭ್ಯಾಸ, ಮನೆ ಕಟ್ಟುವ ಗಲಾಟೆ, ತಾಯಿಯವರ ಕಾಯಿಲೆ, ಸುಮ್ಮನಾದೆ. ಹೇಳಿಕೊಳ್ಳಲು ಕಾರಣಗಳು ಯಾರಿಗೆ ಇಲ್ಲ? ಮೌಲ್ಯಮಾಪನದ ಸಮಯದಲ್ಲಿಯೋ ಯಾರದಾದರೂ ಮದುವೆಯಲ್ಲಿಯೋ ಸಿಕ್ಕಾಗ ಅವರು, “ರನ್ನ ಎಲ್ಲಿಯವರೆಗೆ ಬಂದ?” ಎಂದು ಕೇಳುತ್ತಿದ್ದರು. “ಬರ್ತಾ ಇದ್ದಾನೆ ಮೇಷ್ಟ್ರೇ” ಎನ್ನುತ್ತಿದ್ದೆ. ಕೆಲವು ವರ್ಷಗಳಾದ ಮೇಲೆ ಅವರು ಕೇಳುವುದನ್ನು ಬಿಟ್ಟರು. ಅದನ್ನು ನಾನು ಆಗ ಗಮನಿಸಲಿಲ್ಲ.

2022ರ ಮಳೆಗಾಲ ನಿಮಗೆ ನೆನಪಿರಬಹುದು. ಸೆಪ್ಟೆಂಬರ್ ಮೊದಲ ವಾರದಲ್ಲಿ ಒಂದು ಬೆಳಿಗ್ಗೆ ಅವರ ಫೋನು ಬಂತು. ನಮಸ್ಕಾರವಿಲ್ಲ, ಕುಶಲಪ್ರಶ್ನೆಯಿಲ್ಲ. “ಪಂಡಿತರೇ, ಕೋಡಿ ಬಿತ್ತು! ಎಂಬತ್ತೊಂಬತ್ತು ವರ್ಷ!” ಆ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಹತ್ತು ವರ್ಷದ ಹುಡುಗನ ದನಿ. ಊರಿಗೆ ಊರೇ ಅಲ್ಲಿ ಸೇರಿದೆಯಂತೆ. ಮನೆಯವರನ್ನೂ ಮಗಳನ್ನೂ ಕರೆದುಕೊಂಡು ಹೋಗಿ ಎರಡು ಗಂಟೆ ನಿಂತಿದ್ದರಂತೆ. ನಾನು ತಮಾಷೆಗೆ, “ಭದ್ರೆಯಿಂದ ಕಡ ತಂದ ನೀರು ಸೇರಿದೆಯಲ್ಲ, ಅದು ನಿಮ್ಮ ಲೆಕ್ಕಕ್ಕೆ ಬರುತ್ತದೋ?” ಎಂದೆ. 2019ರಿಂದ ಭದ್ರಾ ಮೇಲ್ದಂಡೆ ಯೋಜನೆಯ ನೀರು ಆ ಸಾಗರಕ್ಕೆ ಬರುತ್ತಿತ್ತು. ಅವರು ನಕ್ಕು, “ಈ ಸಲದ್ದು ಮಳೆ, ಪಂಡಿತರೇ, ನಮ್ಮದೇ ಮಳೆ. ಇವತ್ತೇ ಹೊರಟು ಬನ್ನಿ” ಎಂದರು. ನಮ್ಮ ಕಡೆ ಆ ವಾರ ಶಾಲೆಗಳ ಸ್ಪರ್ಧೆಗಳಿದ್ದವು. ಕಂಠಪಾಠಕ್ಕೆ ನಾನು ತೀರ್ಪುಗಾರ. “ದಸರಾ ರಜಕ್ಕೆ ಖಂಡಿತ ಬರ್ತೀನಿ” ಎಂದೆ. “ನೀರು ರಜ ನೋಡ್ಕೊಂಡು ಹರಿಯುತ್ತಾ?” ಎಂದರು. ನಾನು ಹೋಗಲಿಲ್ಲ.

ಮಹಾಲಯ ಅಮಾವಾಸ್ಯೆಗೆ ಒಂದು ವಾರ ಮೊದಲು, ಭಾನುವಾರ ಬೆಳಿಗ್ಗೆ ಏಳೂವರೆಗೆ ಮತ್ತೆ ಅವರ ಫೋನಿನಿಂದಲೇ ಕರೆ. ಎತ್ತಿದವನೇ, “ಏನು ಮೇಷ್ಟ್ರೇ, ಕೋಡಿ ಇನ್ನೂ ಹರೀತಾ ಇದೆಯೋ?” ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅವರ ಮಗಳ ದನಿ: “ಮಾಮ, ಅಪ್ಪ ಹೋಗ್ಬಿಟ್ರು.” ಐದು ಗಂಟೆಗೆ ಎದ್ದು ತೋಟಕ್ಕೆ ಹೋಗಿ, ಹೊಸದಾಗಿ ನೆಟ್ಟ ತೆಂಗಿನ ಸಸಿಗಳನ್ನು ನೋಡಿಕೊಂಡು ಬಂದು, ಜಗಲಿಯ ಮೇಲೆ ಕೂತು, ಯಾಕೋ ಆಯಾಸ, ಒಂದು ಲೋಟ ಕಾಫಿ ಕೊಡು ಎಂದರಂತೆ. ಕಾಫಿ ತರುವಷ್ಟರಲ್ಲಿ ಕಂಬಕ್ಕೆ ಒರಗಿದ್ದರಂತೆ. ಹೃದಯಾಘಾತವೆಂದರು ವೈದ್ಯರು. ಐವತ್ತೇಳು ವರ್ಷ. ಅದಕ್ಕೆ ಮೊದಲು ಒಂದು ದಿನ ರಕ್ತದೊತ್ತಡವೆಂದು ಮಲಗಿದವರಲ್ಲ.

ಬಸ್ಸಿನಲ್ಲಿ ಹೋದೆ. ಹಿರಿಯೂರಿನ ಸೇತುವೆಯ ಮೇಲೆ ಬಸ್ಸು ನಿಧಾನವಾಯಿತು. ಹದಿಮೂರು ವರ್ಷ ನಾನು ಆ ಸೇತುವೆಯ ಕೆಳಗೆ ಮರಳನ್ನೂ ಜಾಲಿಯನ್ನೂ ಕಂಡವನು. ಆ ದಿನ ವೇದಾವತಿ ಕೆಂಪಾಗಿ ತುಂಬಿಕೊಂಡು ಹೋಗುತ್ತಿದ್ದಳು. ಬಸ್ಸಿನವರೆಲ್ಲ ಕಿಟಕಿಗೆ ಮುಗಿಬಿದ್ದರು. ಹೆಂಗಸೊಬ್ಬರು ಕೈಮುಗಿದು ಚಿಲ್ಲರೆ ಕಾಸನ್ನು ನೀರಿಗೆ ಎಸೆದರು. ಬನ್ನಿ ಎಂದು ಕರೆದವರು ಕಾಯುತ್ತಿಲ್ಲದ ಊರಿಗೆ ನಾನು ಆ ನೀರನ್ನು ನೋಡುತ್ತ ಹೋದೆ. ಸಂಸ್ಕಾರ ತೋಟದಲ್ಲಿಯೇ ಆಯಿತು. ಹಳೆಯ ವಿದ್ಯಾರ್ಥಿಗಳು ನೂರಾರು ಜನ ಬಂದಿದ್ದರು. ಹಟ್ಟಿಯ ಆ ಹುಡುಗ, ಈಗ ಮೀಸೆ ಬಂದ ಗಂಡಸು, ಎರಡು ಮಕ್ಕಳ ತಂದೆ, ಸೌದೆ ಹೊರುತ್ತಿದ್ದ. ನನ್ನೊಡನೆ ಏನೂ ಮಾತನಾಡಲಿಲ್ಲ.

ತಿಥಿಯ ದಿನ ಊಟವಾದ ಮೇಲೆ ಅತ್ತಿಗೆಯವರು ಆ ಉದ್ದನೆಯ ನೋಟ್‌ಪುಸ್ತಕವನ್ನು ತಂದು, “ಇದು ನಿಮಗೆ ಸೇರಬೇಕಾದ್ದೇನೋ ಅನ್ನಿಸುತ್ತೆ, ನೋಡಿ” ಎಂದು ಕೈಗೆ ಕೊಟ್ಟರು. ಮುಂದಿನಿಂದ ಜಲಾಶಯದ ಮಟ್ಟ. ತಿರುಗಿಸಿ ಹಿಂದಿನಿಂದ ತೆರೆದರೆ ರನ್ನನ ಕಂದಗಳು. ನೀರಿನ ಪುಟಗಳಲ್ಲಿ ತಿಂಗಳು, ಅಡಿ, ಬೇರೆ ಒಂದು ಅಕ್ಷರವಿಲ್ಲ. ಕೊನೆಯ ಸಾಲಿನಲ್ಲಿ ಮಾತ್ರ 130 ಎಂದು ಬರೆದು, ಪಕ್ಕದಲ್ಲಿ ‘ಕೋಡಿ’ ಎಂದು ಬರೆದಿದ್ದರು. ತಿರುಗಿಸಿ ನೋಡಿದೆ. ಐದನೆಯ ಆಶ್ವಾಸದಲ್ಲಿ ನಾನು ಕಳಿಸಿದ ಪದ್ಯಗಳು ಮುಗಿದ ಮೇಲೂ ಬರೆಹ ನಿಂತಿರಲಿಲ್ಲ. ನಾನು ಕಳಿಸದಿದ್ದಾಗ ಅವರೇ ಪುಸ್ತಕ ಕೊಂಡು, ತಾವೇ ಲಘು ಗುರು ಹಾಕುತ್ತ ಹೋಗಿದ್ದರು. ಬಹುಮಟ್ಟಿಗೆ ಸರಿಯಾಗಿಯೇ ಇದ್ದವು. ಅಲ್ಲಲ್ಲಿ ಒಂದು ಮಾತ್ರೆ ಹೆಚ್ಚಾಗಿ ಲೆಕ್ಕ ಕೂಡದೆ ನಿಂತಿತ್ತು. ಅಂಥ ಕಡೆ ಅಂಚಿನಲ್ಲಿ ಕೆಂಪು ಪೆನ್ಸಿಲಿನಲ್ಲಿ ‘ಪಂ. ಕೇ.’ ಎಂದಿತ್ತು. ಇದೇನೆಂದು ನನಗೆ ಕೂಡಲೆ ಹೊಳೆಯಲಿಲ್ಲ. ನಾಲ್ಕೈದು ಪುಟ ತಿರುವಿದ ಮೇಲೆ ತಿಳಿಯಿತು: ಪಂಡಿತರನ್ನು ಕೇಳಬೇಕು.

ಅವರಿಗೆ ಸಿಕ್ಕದಿದ್ದುದು ಶಿಥಿಲದ್ವಿತ್ವ. ಒತ್ತಕ್ಷರದ ಹಿಂದಿನ ಅಕ್ಷರ ಗುರುವೆಂಬುದು ಸಾಮಾನ್ಯ ನಿಯಮ. ಆದರೆ ಹಳಗನ್ನಡದಲ್ಲಿ ‘ಅಮರ್ದು’ ಎಂಬಂಥ ಮಾತುಗಳಲ್ಲಿ ಒತ್ತು ಸಡಿಲವಾಗಿ ಉಚ್ಚಾರವಾಗುವುದರಿಂದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಕೇಶಿರಾಜ ಇದನ್ನು ಹೇಳಿದ್ದಾನೆ. ಒಂದು ಫೋನು ಮಾಡಿದ್ದರೆ ಎರಡು ನಿಮಿಷದ ಮಾತು. ಅವರು ಏಕೆ ಕೇಳಲಿಲ್ಲವೋ! ನನಗೆ ಬಿಡುವಿಲ್ಲವೆಂದುಕೊಂಡರೋ, ರನ್ನನ ಮಾತೆತ್ತಿದರೆ ನನಗೆ ಮುಜುಗರವಾಗುತ್ತದೆಂದು ಸುಮ್ಮನಾದರೋ. ಕೋಡಿಯ ದಿನ ಬರಹೇಳಿದರಲ್ಲ, ಆಗ ಈ ಪುಸ್ತಕವನ್ನು ಮುಂದಿಡಬೇಕೆಂದಿದ್ದರೋ ಏನೋ. ಇದನ್ನು ನಾನು ಅನೇಕ ರಾತ್ರಿ ಯೋಚಿಸಿದ್ದೇನೆ.

2025ರ ಜನವರಿಯಲ್ಲಿ ಸಾಗರ ಮತ್ತೊಮ್ಮೆ ಕೋಡಿ ಬಿತ್ತು. ಈ ಸಲ ನಾನು ರಜೆ ಹಾಕಿ ಹೋದೆ. ಜನ ತುಂಬಿದ್ದರು; ಕಡಲೆಕಾಯಿ ಮಾರುವವರು, ಫೋಟೋ ತೆಗೆಯುವವರು. ನಾನು ನೀರಿನ ಪುಟ ತೆಗೆದು, ಅವರ ಸಾಲಿನ ಕೆಳಗೆ ತಿಂಗಳನ್ನೂ 130 ಎಂಬುದನ್ನೂ ಬರೆದೆ. ಪಕ್ಕದಲ್ಲಿ ಬೇರೆ ಏನೂ ಬರೆಯಲಿಲ್ಲ.

ಹಿಂದಿನ ಪುಟಗಳ ಕೆಲಸ ಈಗ ನಡೆಯುತ್ತಿದೆ. ಕೆಂಪು ಪೆನ್ಸಿಲಿನ ಪ್ರಶ್ನೆಗಳಿಗೆಲ್ಲ ನೀಲಿ ಶಾಯಿಯಲ್ಲಿ ಉತ್ತರ ಬರೆದಿದ್ದೇನೆ. ಎರಡು ಕಡೆ ಮಾತ್ರ ಅವರು ಹಾಕಿದ್ದೇ ಸರಿ, ಶಾಲೆಯಲ್ಲಿ ನಾನು ಹೇಳಿಕೊಟ್ಟದ್ದೇ ತಪ್ಪು. ಮೊನ್ನೆ ಆರನೆಯ ಆಶ್ವಾಸ ಮುಗಿಯಿತು. ಗಣಗಳ ಪಟ್ಟಿಯನ್ನು ಕೂಡಿಸುವಾಗ ನನಗೆ ಎರಡು ಸಲವೂ ಬೇರೆ ಬೇರೆ ಮೊತ್ತ ಬಂದದ್ದರಿಂದ ಹಾಳೆಯ ಚಿತ್ರ ತೆಗೆದು ಅವರ ಮಗಳಿಗೆ ಕಳಿಸಿದೆ. ಆಕೆ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ರಾತ್ರಿ ಉತ್ತರ ಬಂತು: “ಮಾಮ, ಎರಡೂ ತಪ್ಪು. ಮೂರನೇ ಸಾಲಿನಲ್ಲಿ ಒಂದು ಗಣ ಬಿಟ್ಟಿದ್ದೀರಿ. ಏಳನೇದು ಯಾವಾಗ ಕಳಿಸ್ತೀರಿ?”